ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಅಮೆರಿಕದಲ್ಲಿ ಮತ ಹಾಕುವ ಕನ್ನಡಿಗರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಅಮೆರಿಕದ ಪೌರತ್ವ ಪಡೆದು ಇಲ್ಲಿನ ಚುನಾವಣೆಗಳಲ್ಲಿ ಮತ ಹಾಕುವ, ಜ್ಯೂರಿ ಕೆಲಸಕ್ಕೆ ಕರೆ ಬಂದಾಗ ಆಫೀಸಿಗೆ ರಜೆ ಹಾಕಿ ಕೋರ್ಟಿನ ಬೆಂಚಿನ ಮೇಲೆ ದಿನವಿಡೀ ಕೂತು ಬರುವ ಕನ್ನಡಿಗರನ್ನು ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ಒಂದು ಕಾನೂನಿನ ಒಂದೇ ಒಂದು ವಾಕ್ಯದ ಬಗ್ಗೆ ನೀವು ನಿಮ್ಮ ಕ್ಷೇತ್ರದ ಪ್ರತಿನಿಧಿಗೂ ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳಿಗೂ ಬರೆಯಬೇಕೆಂಬುದು ನನ್ನ ಕೋರಿಕೆ. ರಾಜ್ಯದ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದ ಕೈದಿಯೊಬ್ಬ ಫೆಡರಲ್ (ಕೇಂದ್ರದ) ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ತನ್ನನ್ನು ಹಿಡಿದಿಟ್ಟಿರುವುದು ಕಾನೂನಿಗೆ ಸರಿಯೇ ಎಂದು ಪರಿಶೀಲಿಸಿ ಎನ್ನುವ ಅರ್ಜಿ, ಹಾಕಿದಾಗ, ಹಿಂದೆ ಅವನ ವಕೀಲ ಮಾಡಿದ ತಪ್ಪನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದು ಆ ವಾಕ್ಯದ ಮೇಲೆ ನಿಂತಿದೆ. ಈಗ ಅದನ್ನು ಕೈದಿಯ ಲೆಕ್ಕಕ್ಕೇ ಬರೆಯಲಾಗುತ್ತಿದೆ.

ಊರಿನ ಪತ್ರಿಕೆಗಳಲ್ಲಿ ಹೇಬಿಯಸ್ ಕಾರ್ಪಸ್ ಎಂಬ ಮಾತು ಕಂಡರೆ ನಮ್ಮ ಕಣ್ಣ ಮುಂದೆ ಬರುವುದು ಮಗಳು ಕಾಣೆಯಾಗಿದ್ದಾಳೆಂದು ಹೈಕೋರ್ಟಿನ ಮೆಟ್ಟಿಲೇರಿದ ತಂದೆ, ಇಲ್ಲವೇ ಪೊಲೀಸರು ಎತ್ತಿಕೊಂಡು ಹೋದ ಗಂಡನನ್ನು ಹಾಜರುಪಡಿಸಿ ಎಂದು ಕೇಳುವ ಹೆಂಡತಿ. ಅಮೆರಿಕದಲ್ಲಿ ಆ ಮಾತಿಗೆ ಇನ್ನೊಂದು ಹರವಿದೆ. ವಿಚಾರಣೆ ಮುಗಿದು, ಮೇಲ್ಮನವಿಗಳೆಲ್ಲ ಸೋತು, ರಾಜ್ಯದ ಜೈಲಿನಲ್ಲಿ ವರ್ಷಗಟ್ಟಲೆ ಕಳೆಯುತ್ತಿರುವವನೂ ತನ್ನನ್ನು ಹಿಡಿದಿಟ್ಟಿರುವುದು ದೇಶದ ಸಂವಿಧಾನಕ್ಕೆ ವಿರುದ್ಧವೆಂದು ಫೆಡರಲ್ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳಬಹುದು. ಅಂತರ್ಯುದ್ಧ ಮುಗಿದ ಮೇಲೆ, ದಕ್ಷಿಣದ ರಾಜ್ಯಗಳ ನ್ಯಾಯಾಲಯಗಳನ್ನು ಸುಮ್ಮನೆ ನಂಬಿ ಕೂರಲಾಗದೆ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1867ರಲ್ಲಿ ಈ ಬಾಗಿಲನ್ನು ತೆರೆಯಿತು. ಕಾಗದದ ಮೇಲಿದ್ದ ಆ ಬಾಗಿಲು ನಿಜವಾಗಿ ತೆರೆದುಕೊಂಡದ್ದು ಸುಪ್ರೀಂ ಕೋರ್ಟಿನ 1923ರ ಮೂರ್ ವಿರುದ್ಧ ಡೆಂಪ್ಸಿ ತೀರ್ಪಿನಲ್ಲಿ. ಅರ್ಕಾನ್ಸಾದ ಕಪ್ಪು ಜನಾಂಗದ ಬಡ ಗೇಣಿದಾರರಿಗೆ ಮರಣದಂಡನೆ ವಿಧಿಸಿದ ವಿಚಾರಣೆಯನ್ನು ನ್ಯಾಯಮೂರ್ತಿ ಹೋಮ್ಸ್ ಅದರಲ್ಲಿ ವಿವರಿಸುತ್ತಾರೆ. ವಿಚಾರಣೆ ನಡೆದದ್ದು ಸುಮಾರು ಮುಕ್ಕಾಲು ಗಂಟೆ. ಜ್ಯೂರಿ ತೀರ್ಪು ಕೊಟ್ಟದ್ದು ಐದು ನಿಮಿಷದೊಳಗೆ. ಆರೋಪಿಗಳ ಪರ ನೇಮಕವಾಗಿದ್ದ ವಕೀಲ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಹೊರಗೆ ಗುಂಪು ಕಾಯುತ್ತಿತ್ತು. ಫೆಡರಲ್ ನ್ಯಾಯಾಲಯ ಇದನ್ನು ಕಣ್ಣಾರೆ ಪರಿಶೀಲಿಸಬೇಕು ಎಂದರು ಹೋಮ್ಸ್. ಅಂದಿನ ಆ ಕಥೆಯಲ್ಲೂ ಬಾಯಿ ತೆರೆಯದ ವಕೀಲನೊಬ್ಬನಿದ್ದ ಎಂಬುದನ್ನು ನೆನಪಿನಲ್ಲಿಡಿ.

ನಾನು ವಕೀಲನಲ್ಲ. ಮೂವತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ನಿವೃತ್ತನಾದ ಮೇಲೆ ವಾರಕ್ಕೆ ಎರಡು ದಿನ, ಕೈದಿಗಳ ಕಾಗದಪತ್ರಗಳಿಗೆ ಉಚಿತವಾಗಿ ನೆರವಾಗುವ ಒಂದು ಸಣ್ಣ ಕಚೇರಿಯಲ್ಲಿ, ಕೈಬರಹದ ಪತ್ರಗಳನ್ನು ಓದಿ ಟೈಪ್ ಮಾಡುವ ಕೆಲಸಕ್ಕೆ ಸೇರಿಕೊಂಡೆ. ಅಲ್ಲಿಯೇ ನಾನು ಮೊದಲ ಸಲ ಎಒ 241 ಎಂಬ ನಮೂನೆಯನ್ನು ನೋಡಿದ್ದು. ರಾಜ್ಯದ ಕೈದಿ ಫೆಡರಲ್ ನ್ಯಾಯಾಲಯಕ್ಕೆ ಅರ್ಜಿ ಹಾಕುವುದು ಅದರಲ್ಲಿ. ಶುಲ್ಕ ಐದು ಡಾಲರ್. ತೀರ್ಪು ಅಂತಿಮವಾಗಿ ಒಂದು ವರ್ಷ ಕಳೆದಿದ್ದರೆ ಈ ಅರ್ಜಿಯನ್ನು ಏಕೆ ತಳ್ಳಿಹಾಕಬಾರದು ವಿವರಿಸಿ ಎಂದು ಅದರಲ್ಲೊಂದು ಪ್ರಶ್ನೆಯಿದೆ. ಕೊನೆಯ ಪುಟದಲ್ಲಿ, ಈ ಅರ್ಜಿಯನ್ನು ಜೈಲಿನ ಅಂಚೆಗೆ ಒಪ್ಪಿಸಿದ್ದು ಇಂಥ ತಿಂಗಳು, ಇಂಥ ದಿನ ಎಂದು ಪ್ರಮಾಣ ಮಾಡಿ ತುಂಬಬೇಕಾದ ಖಾಲಿ ಜಾಗವಿದೆ. ಕೈದಿ ಲಕೋಟೆಯನ್ನು ಜೈಲು ಸಿಬ್ಬಂದಿಯ ಕೈಗಿತ್ತ ದಿನವೇ ಸಲ್ಲಿಕೆಯ ದಿನವೆಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಬಂದ ಜಾಗ ಅದು. ನಾನು ಓದಿದ ಪತ್ರಗಳಲ್ಲಿ ಎಷ್ಟೋ ಜನ ಆ ದಿನಾಂಕವನ್ನು ಎರಡೆರಡು ಸಲ ತಿದ್ದಿ ಬರೆದಿರುತ್ತಾರೆ. ವರ್ಷದ ಪ್ರಶ್ನೆಯ ಕೆಳಗೆ ಮಾತ್ರ ಬಹುಪಾಲು ಒಂದೇ ಉತ್ತರ, ಬೇರೆ ಬೇರೆ ಅಕ್ಷರಗಳಲ್ಲಿ: ನನ್ನ ವಕೀಲ ನನಗೆ ಹೇಳಲಿಲ್ಲ.

ಈ ಒಂದು ವರ್ಷದ ಗಡುವು ಬಂದದ್ದು 1996ರಲ್ಲಿ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಒಕ್ಲಹೋಮಾ ಸಿಟಿಯ ಫೆಡರಲ್ ಕಟ್ಟಡಕ್ಕೆ ಬಾಂಬಿಟ್ಟು 168 ಜನರನ್ನು ಕೊಂದ ಘಟನೆಯ ಬಿಸಿಯಲ್ಲಿ ಕಾಂಗ್ರೆಸ್ ಒಂದು ಕಾಯ್ದೆ ಮಾಡಿತು. ಅಧ್ಯಕ್ಷ ಕ್ಲಿಂಟನ್ ಏಪ್ರಿಲ್ 24ರಂದು ಅದಕ್ಕೆ ಸಹಿ ಹಾಕಿದರು. ಭಯೋತ್ಪಾದನೆ ವಿರೋಧಿ ಮತ್ತು ಪರಿಣಾಮಕಾರಿ ಮರಣದಂಡನೆ ಕಾಯ್ದೆ ಎಂಬ ಹೆಸರಿನಲ್ಲಿ ಭಯೋತ್ಪಾದನೆಯಿದೆ, ಮರಣದಂಡನೆಯಿದೆ; ಆದರೆ ಆ ಕಾಯ್ದೆಯ ಹೇಬಿಯಸ್ ಭಾಗದ ಹೊಡೆತ ಬಿದ್ದದ್ದು ಕಳ್ಳತನದಿಂದ ಹಿಡಿದು ಕೊಲೆಯವರೆಗೆ ಯಾವುದೇ ರಾಜ್ಯದ ಅಪರಾಧಕ್ಕೆ ಶಿಕ್ಷೆಯಾದ ಎಲ್ಲ ಕೈದಿಗಳ ಮೇಲೆ. ಅದು ಕಾಲಮಿತಿ ಹಾಕಿತು. ಎರಡನೇ ಅರ್ಜಿಗೆ ಬೀಗ ಹಾಕಿತು. ರಾಜ್ಯದ ನ್ಯಾಯಾಲಯದ ತೀರ್ಪು ಬರೀ ತಪ್ಪಾಗಿದ್ದರೆ ಸಾಲದು, ಯಾವ ವಿವೇಕಿ ನ್ಯಾಯಾಧೀಶನೂ ಒಪ್ಪಲಾಗದಷ್ಟು ತಪ್ಪಾಗಿರಬೇಕು ಎನ್ನುವ ಮಟ್ಟಕ್ಕೆ ಆಮೇಲಿನ ತೀರ್ಪುಗಳು ಅದನ್ನು ಬಿಗಿದವು. ಮರಣದಂಡನೆಯಲ್ಲದ ಪ್ರಕರಣಗಳಲ್ಲಿ ನೂರು ಅರ್ಜಿಗಳಲ್ಲಿ ಒಂದಕ್ಕೂ ಪರಿಹಾರ ಸಿಗುವುದಿಲ್ಲವೆಂದು 2007ರಲ್ಲಿ ಪ್ರಕಟವಾದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿತು. ಆ ಬಿಗಿತದ ಬಗ್ಗೆ ಹೇಳಲು ಬೇಕಾದಷ್ಟಿದೆ. ಈ ಪತ್ರದಲ್ಲಿ ನಾನು ಹಿಡಿದುಕೊಂಡಿರುವುದು ಒಂದು ಎಳೆಯನ್ನು ಮಾತ್ರ.

ಫ್ಲಾರಿಡಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಲ್ಬರ್ಟ್ ಹಾಲೆಂಡ್ ಎಂಬಾತನ ಪ್ರಕರಣವನ್ನು ನೋಡಿ. ಸರ್ಕಾರವೇ ನೇಮಿಸಿಕೊಟ್ಟ ವಕೀಲ, ನೇಮಕವಾಗಿ 316 ದಿನ ಕಳೆದ ಮೇಲೆ, ವರ್ಷದ ಗಡುವಿಗೆ ಬರೀ 12 ದಿನ ಉಳಿದಿರುವಾಗ ರಾಜ್ಯದ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ. ಅದು ಇತ್ಯರ್ಥವಾಗುವವರೆಗೆ ಗಡಿಯಾರ ನಿಂತಿರುತ್ತದೆ. ಇತ್ಯರ್ಥವಾದ ಕೂಡಲೇ ಮತ್ತೆ ಓಡುತ್ತದೆ. ಇದು ಹಾಲೆಂಡ್‌ಗೆ ಗೊತ್ತಿತ್ತು. ಗಡುವು ತಪ್ಪಿಸಬೇಡಿ ಎಂದು ವಕೀಲನಿಗೆ ಪತ್ರದ ಮೇಲೆ ಪತ್ರ ಬರೆದ. ಉತ್ತರವಿಲ್ಲ. ಈ ವಕೀಲ ಬೇಡ, ಬೇರೊಬ್ಬನನ್ನು ಕೊಡಿ ಎಂದು ರಾಜ್ಯದ ಸುಪ್ರೀಂ ಕೋರ್ಟಿಗೇ ಬರೆದ. ನಿನಗೆ ವಕೀಲನಿರುವಾಗ ನೀನೇ ನೇರವಾಗಿ ಕಾಗದ ಹಾಕುವಂತಿಲ್ಲ ಎಂದು ಅದನ್ನೂ ತಳ್ಳಿದರು. 2006ರ ಜನವರಿ 18ರಂದು ಜೈಲಿನ ಗ್ರಂಥಾಲಯದಲ್ಲಿ ಕೂತಿದ್ದಾಗ, ತನ್ನ ಪ್ರಕರಣ ಐದು ವಾರಗಳ ಹಿಂದೆಯೇ ಮುಗಿದಿದೆ ಎಂಬುದು ಅವನಿಗೆ ತಿಳಿಯಿತು. ತಕ್ಷಣ ತಾನೇ ಕೂತು ಫೆಡರಲ್ ಅರ್ಜಿ ಬರೆದು ಮರುದಿನ ಅಂಚೆಗೆ ಹಾಕಿದ. ಉಳಿದಿದ್ದ ಹನ್ನೆರಡು ದಿನ ಆಗಲೇ ಕರಗಿಹೋಗಿತ್ತು. ಫೆಡರಲ್ ಜಿಲ್ಲಾ ನ್ಯಾಯಾಲಯ ಒಪ್ಪಲಿಲ್ಲ, ಮೇಲ್ಮನವಿ ನ್ಯಾಯಾಲಯವೂ ಒಪ್ಪಲಿಲ್ಲ. ಇಂಥ ಅಪರೂಪದ ಸಂದರ್ಭದಲ್ಲಿ ಗಡುವನ್ನು ಸಡಿಲಿಸಬಹುದು ಎನ್ನಲು 2010ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಅಲ್ಲೂ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ತಳೆದರು.

ಮೇಪಲ್ಸ್ ವಿರುದ್ಧ ಥಾಮಸ್ ಪ್ರಕರಣದ ಲಕೋಟೆಗಳು ಇನ್ನೂ ವಿಚಿತ್ರ. ಅಲಬಾಮಾದ ಈ ಮರಣದಂಡನೆ ಕೈದಿಯ ಪರ ನ್ಯೂಯಾರ್ಕಿನ ದೊಡ್ಡ ಸಂಸ್ಥೆಯೊಂದರ ಇಬ್ಬರು ಕಿರಿಯ ವಕೀಲರು ಉಚಿತವಾಗಿ ವಾದಿಸುತ್ತಿದ್ದರು. ಇಬ್ಬರೂ ಕೆಲಸ ಬಿಟ್ಟು ಹೋದರು. ಕೈದಿಗೂ ಹೇಳಲಿಲ್ಲ, ನ್ಯಾಯಾಲಯಕ್ಕೂ ಹೇಳಲಿಲ್ಲ. 2003ರಲ್ಲಿ ಅವನ ಅರ್ಜಿ ವಜಾ ಆದಾಗ ನ್ಯಾಯಾಲಯ ಕಳಿಸಿದ ಆದೇಶದ ಎರಡು ಲಕೋಟೆಗಳು ಒಡೆಯದೆ ವಾಪಸು ಬಂದವು. ಒಂದರ ಮೇಲೆ, ಇವರು ಸಂಸ್ಥೆ ಬಿಟ್ಟಿದ್ದಾರೆ ಎಂದು ಯಾರೋ ಕೈಯಲ್ಲಿ ಗೀಚಿದ್ದರು. ಗುಮಾಸ್ತರು ಲಕೋಟೆಗಳನ್ನು ಕಡತಕ್ಕೆ ಸೇರಿಸಿ ಸುಮ್ಮನಾದರು. ಮೇಲ್ಮನವಿಗೆ ಇದ್ದ 42 ದಿನಗಳು ಕಳೆದವು. ವಕೀಲರು ಕೈದಿಯನ್ನು ಅಕ್ಷರಶಃ ತೊರೆದು ಹೋಗಿದ್ದಾರೆ, ಆದ್ದರಿಂದ ಅವರ ತಪ್ಪು ಅವನದಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ ಆಯಿತು. ಆದರೆ ಇದರ ಒಳಾರ್ಥವನ್ನು ಒಮ್ಮೆ ಯೋಚಿಸಿ: ಓಡಿಹೋದ ವಕೀಲ ಸಿಕ್ಕವನು ಬಚಾವು, ಪಕ್ಕದಲ್ಲೇ ನಿಂತು ಕೇಸು ಕೆಡಿಸಿದ ವಕೀಲ ಸಿಕ್ಕವನು ಕೆಟ್ಟ.

ಈ ವಿಚಿತ್ರ ಗೆರೆಯ ಮೂಲ 1991ರ ಕೋಲ್ಮನ್ ವಿರುದ್ಧ ಥಾಂಪ್ಸನ್ ತೀರ್ಪಿನಲ್ಲಿದೆ. ವರ್ಜೀನಿಯಾದ ರೋಜರ್ ಕೋಲ್ಮನ್‌ನ ವಕೀಲರು ರಾಜ್ಯದಲ್ಲಿ ಮೇಲ್ಮನವಿಯ ನೋಟಿಸನ್ನು ಮೂರು ದಿನ ತಡವಾಗಿ ಸಲ್ಲಿಸಿದರು. ವಕೀಲನು ಕಕ್ಷಿದಾರನ ಏಜೆಂಟ್, ಏಜೆಂಟನ ತಪ್ಪು ಯಜಮಾನನ ತಪ್ಪು ಎಂಬ ವ್ಯಾಪಾರಿ ಕಾನೂನಿನ ತತ್ವವನ್ನು ಮರಣದಂಡನೆಯ ಕೋಣೆಯೊಳಕ್ಕೆ ತಂದು, ನ್ಯಾಯಾಲಯ ಅವನ ದೂರನ್ನು ಕೇಳಲು ನಿರಾಕರಿಸಿತು. ಇದು ಒಕ್ಕೂಟ ತತ್ವದ ಪ್ರಕರಣ ಎಂಬುದೇ ಆ ತೀರ್ಪಿನ ಮೊದಲ ವಾಕ್ಯ. ನನ್ನ ವಾದಕ್ಕೆ ಎದುರಾಡುವವರು ಮುಂದಿನ ಸಂಗತಿಯನ್ನು ನಿಮಗೆ ಹೇಳದೆ ಬಿಡುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ: 1992ರಲ್ಲಿ ಅವನನ್ನು ಕೊಲ್ಲಲಾಯಿತು, 2006ರ ಡಿಎನ್‌ಎ ಪರೀಕ್ಷೆ ಅವನೇ ಅಪರಾಧಿ ಎಂದು ತೋರಿಸಿತು. ಆದರೆ ತೀರ್ಪು ಬರೆದ ದಿನ ಅದು ನ್ಯಾಯಾಲಯಕ್ಕೆ ಗೊತ್ತಿರಲಿಲ್ಲ, ಅವನು ಅಪರಾಧಿಯೋ ಅಲ್ಲವೋ ಎಂದು ಅದು ಕೇಳಲೂ ಇಲ್ಲ. ಮಾಡಿದ್ದು ನಿಯಮ; ಆ ನಿಯಮ ಅಪರಾಧಿಗೂ ನಿರಪರಾಧಿಗೂ ಒಂದೇ.

ಯಜಮಾನ ಮತ್ತು ಏಜೆಂಟ್ ಎಂಬ ಈ ಹೋಲಿಕೆಯಲ್ಲಿ ನನಗೆ ಹಿಡಿಸದ ಮಾತೊಂದಿದೆ. ನಾವು ಮನೆ ಮಾರುವಾಗ ಏಜೆಂಟನನ್ನು ಆರಿಸುತ್ತೇವೆ, ಸರಿಯಿಲ್ಲವೆಂದರೆ ಬಿಡಿಸುತ್ತೇವೆ. ಹಾಲೆಂಡ್‌ನ ಯಜಮಾನಿಕೆ ಎಂಥದ್ದು? ಆರಿಸುವ ಅಧಿಕಾರವಿಲ್ಲ, ಕಿತ್ತುಹಾಕುವ ಅಧಿಕಾರವಿಲ್ಲ, ಫೋನ್ ಎತ್ತಿಸುವ ಶಕ್ತಿಯಿಲ್ಲ. ತಪ್ಪಿನ ಹೊಣೆಯೊಂದು ಮಾತ್ರ ಪೂರ್ತಿ ಅವನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ನಮ್ಮ ಹಿರಿಯರು ನಗುತ್ತಿದ್ದರು.

ಜ್ವರ ವಕೀಲನಿಗೇ ಬರಬೇಕೆಂದೂ ಇಲ್ಲ. ಓಹಾಯೋದ ಬೌಲ್ಸ್ ಎಂಬ ಕೈದಿಗೆ ಮೇಲ್ಮನವಿ ಸಲ್ಲಿಸಲು ಫೆಡರಲ್ ನ್ಯಾಯಾಧೀಶರು 14 ದಿನ ಕೊಡಬೇಕಾದಲ್ಲಿ ತಪ್ಪಿ 17 ದಿನ ಕೊಟ್ಟರು. ಅವರು ಕೊಟ್ಟ ಗಡುವಿಗೆ ಒಂದು ದಿನ ಮೊದಲೇ ಅವನ ನೋಟಿಸು ತಲುಪಿತು. ಕಾನೂನು ಹದಿನಾಲ್ಕು ಎಂದಿರುವಾಗ ನ್ಯಾಯಾಧೀಶರ ಮಾತು ನಂಬಿದ್ದು ನಿನ್ನ ಕರ್ಮ ಎನ್ನುವ ಅರ್ಥದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಅವನನ್ನು ಹೊರಗಟ್ಟಿತು. ನ್ಯಾಯ ವ್ಯವಸ್ಥೆ ಮನುಷ್ಯರನ್ನು ಹೀಗೆ ನಡೆಸಿಕೊಳ್ಳುವುದು ಸಹಿಸಲಾಗದ್ದು ಎಂದು ನ್ಯಾಯಮೂರ್ತಿ ಸೌಟರ್ ಭಿನ್ನಮತದಲ್ಲಿ ಬರೆದರು.

ಈಗ ನಾನು ಹೇಳಬೇಕಾದ ಮುಖ್ಯ ಪ್ರಕರಣಕ್ಕೆ ಬರುತ್ತೇನೆ. ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ನೆಲೆಸಿರುವವರು ವಿಶೇಷವಾಗಿ ಗಮನಿಸಬೇಕು. ವಿಚಾರಣೆಯಲ್ಲಿ ಆರೋಪಿಗೆ ಸಮರ್ಥ ವಕೀಲನ ನೆರವು ಸಂವಿಧಾನದತ್ತ ಹಕ್ಕು. ಆ ವಕೀಲ ಅಸಮರ್ಥನಾಗಿದ್ದ ಎಂಬ ದೂರನ್ನು ಅರಿಜೋನಾದಲ್ಲಿ ಮೊದಲ ಮೇಲ್ಮನವಿಯಲ್ಲಿ ಎತ್ತುವಂತಿಲ್ಲ; ಅದಾದ ಮೇಲೆ ಬರುವ ಶಿಕ್ಷೋತ್ತರ ಅರ್ಜಿಯಲ್ಲೇ ಎತ್ತಬೇಕು. ಆದರೆ ಆ ಹಂತದಲ್ಲಿ ವಕೀಲನ ನೆರವು ಸಾಂವಿಧಾನಿಕ ಹಕ್ಕಲ್ಲ. ಹೀಗಾಗಿ ಮೊದಲನೆಯ ವಕೀಲ ಕೇಸು ಕೆಡಿಸಿ, ಎರಡನೆಯವನು ಅದನ್ನು ನ್ಯಾಯಾಲಯದ ಗಮನಕ್ಕೇ ತರದಿದ್ದರೆ, ದೂರು ಹೇಳುವ ಜಾಗವೇ ಉಳಿಯುವುದಿಲ್ಲ. ಈ ಕಗ್ಗಂಟನ್ನು 2012ರಲ್ಲಿ ಮಾರ್ಟಿನೆಜ್ ವಿರುದ್ಧ ರಯಾನ್ ತೀರ್ಪು ಸ್ವಲ್ಪ ಸಡಿಲಿಸಿತು: ಎರಡನೆಯ ವಕೀಲನೂ ಅಸಮರ್ಥನಾಗಿದ್ದರೆ ಫೆಡರಲ್ ನ್ಯಾಯಾಲಯ ಆ ದೂರನ್ನು ಕೇಳಬಹುದು.

ಟೂಸಾನ್ ನಗರದ ಬ್ಯಾರಿ ಜೋನ್ಸ್ ಈ ಬಾಗಿಲಿನಿಂದ ಒಳಗೆ ಬಂದವನು. ತನ್ನ ಸಂಗಾತಿಯ ನಾಲ್ಕು ವರ್ಷದ ಮಗಳ ಸಾವಿಗೆ ಸಂಬಂಧಿಸಿ 1995ರಲ್ಲಿ ಅವನಿಗೆ ಮರಣದಂಡನೆಯಾಗಿತ್ತು. ಮಗುವಿನ ಹೊಟ್ಟೆಗೆ ಮಾರಕ ಪೆಟ್ಟು ಬಿದ್ದದ್ದು ಸಾಯುವ ಹಿಂದಿನ ದಿನ, ಅದು ಅವನ ಜೊತೆಯಲ್ಲಿದ್ದ ಹೊತ್ತಿನಲ್ಲಿ ಎಂಬುದೇ ಪ್ರಾಸಿಕ್ಯೂಷನ್ ವಾದದ ಬೆನ್ನೆಲುಬು. ಪೆಟ್ಟು ಯಾವಾಗ ಬಿದ್ದಿರಬಹುದು ಎಂದು ಸ್ವತಂತ್ರ ವೈದ್ಯಕೀಯ ತಜ್ಞರನ್ನು ಸರಿಯಾಗಿ ವಿಚಾರಿಸಬೇಕಾದ್ದು ವಕೀಲನ ಮೊದಲ ಕೆಲಸ. ಮೊದಲನೆಯವನು ಮಾಡಲಿಲ್ಲ, ಎರಡನೆಯವನೂ ಮಾಡಲಿಲ್ಲ. ಫೆಡರಲ್ ಸಾರ್ವಜನಿಕ ರಕ್ಷಕರು (ವಕೀಲರನ್ನು ಇಟ್ಟುಕೊಳ್ಳಲಾಗದವರ ಪರ ವಾದಿಸುವ ಸರ್ಕಾರಿ ವೆಚ್ಚದ ವಕೀಲರು) ಮಾಡಿದರು. ಫೆಡರಲ್ ಜಿಲ್ಲಾ ನ್ಯಾಯಾಲಯ ಏಳು ದಿನ ಸಾಕ್ಷ್ಯ ಕೇಳಿತು. ಆ ಅವಧಿಯಲ್ಲಿ ಅಂಥ ಗಾಯವಾಗಿತ್ತು ಎಂಬುದೇ ವೈದ್ಯರ ಮಾತಿನ ಮುಂದೆ ಅಲುಗಾಡಿತು. ಇದು ಜ್ಯೂರಿಗೆ ತಿಳಿದಿದ್ದರೆ ಈ ತೀರ್ಪು ಬರದಿರುವ ಸಂಭವವಿತ್ತೆಂದು 2018ರಲ್ಲಿ ನ್ಯಾಯಾಧೀಶರು ಶಿಕ್ಷೆಯನ್ನು ರದ್ದು ಮಾಡಿ, ಮರುವಿಚಾರಣೆ ಮಾಡಿ ಇಲ್ಲವೇ ಬಿಡುಗಡೆ ಮಾಡಿ ಎಂದರು. ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಅರಿಜೋನಾ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಇಲ್ಲಿ ನಿರಪರಾಧಿತ್ವವೊಂದೇ ಸಾಲದು ಎಂದು ಸರ್ಕಾರದ ವಕೀಲರು 2021ರ ಡಿಸೆಂಬರ್‌ನಲ್ಲಿ ತೆರೆದ ನ್ಯಾಯಾಲಯದಲ್ಲಿ ವಾದಿಸಿದರು. 2022ರ ಮೇ 23ರಂದು, ಜೋನ್ಸ್‌ನ ಪ್ರಕರಣವೂ ಸೇರಿದ್ದ ಶಿನ್ ವಿರುದ್ಧ ರಮಿರೆಜ್ ತೀರ್ಪಿನಲ್ಲಿ, ಆರು ನ್ಯಾಯಮೂರ್ತಿಗಳು ಅದನ್ನು ಒಪ್ಪಿದರು. ಮಾರ್ಟಿನೆಜ್ ತೀರ್ಪಿನಂತೆ ದೂರನ್ನು ಕೇಳಬಹುದು, ಆದರೆ ಆ ದೂರನ್ನು ಸಾಬೀತುಪಡಿಸುವ ಹೊಸ ಸಾಕ್ಷ್ಯವನ್ನು ನೋಡುವಂತಿಲ್ಲ. ರಾಜ್ಯದ ಕಡತದಲ್ಲಿ ಇದ್ದಷ್ಟನ್ನೇ ನೋಡಬೇಕು ಎಂದರು. ರಾಜ್ಯದ ಕಡತದಲ್ಲಿ ಅದು ಇಲ್ಲದಿರುವುದೇ ತಾನೇ ದೂರು! ಊಟಕ್ಕೆ ಕರೆದು, ಎಲೆ ಹಾಕಿ ಕೂರಿಸಿ, ಬಡಿಸದೆ ಎಬ್ಬಿಸಿದ ಹಾಗಾಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸೋಟೊಮೇಯರ್ ಇದನ್ನು ವಿಕೃತ ಮತ್ತು ತರ್ಕಹೀನ ಎಂದು ಕರೆದರು.

ಜೋನ್ಸ್ 2023ರ ಜೂನ್‌ನಲ್ಲಿ ಹೊರಬಂದ. ಯಾವ ನ್ಯಾಯಾಲಯದ ಹೇಬಿಯಸ್ ಆದೇಶದಿಂದಲೂ ಅಲ್ಲ. ರಾಜ್ಯದ ಅಟಾರ್ನಿ ಜನರಲ್ ಕಚೇರಿ ಒಂದು ಒಪ್ಪಂದಕ್ಕೆ ಬಂತು. ಕಾಯಿಲೆ ಬಿದ್ದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯದ ಕಾರಣಕ್ಕೆ ಎರಡನೇ ದರ್ಜೆಯ ಕೊಲೆಯ ಹೊಣೆಯನ್ನು ಅವನು ಒಪ್ಪಿಕೊಂಡ. 25 ವರ್ಷ ಶಿಕ್ಷೆಯಾಯಿತು. ಅವನು ಆಗಲೇ 29 ವರ್ಷ ಒಳಗಿದ್ದ. ಅವನ ಮೇಲೆ ಸರ್ಕಾರ ಕೃಪೆ ತೋರಿತು ಎನ್ನಬಹುದು. ಸರ್ಕಾರಕ್ಕೆ ಮನಸ್ಸು ಬರದ ಕಡೆ ಇರುವವರಿಗೆ ಏನು ದಾರಿ?

ಈ ತೀರ್ಪು ನಿಂತಿರುವುದು ಸಂವಿಧಾನದ ಮೇಲಲ್ಲ, 1996ರ ಕಾಯ್ದೆಯ ಒಂದು ವಾಕ್ಯದ ಮೇಲೆ. ಅರ್ಜಿದಾರನು ತನ್ನ ದೂರಿಗೆ ಬೇಕಾದ ಸಂಗತಿಗಳನ್ನು ರಾಜ್ಯದ ನ್ಯಾಯಾಲಯದಲ್ಲಿ ಮುಂದಿಡಲು ವಿಫಲನಾಗಿದ್ದರೆ, ಕೆಲವು ತೀರ ಕಿರಿದಾದ ವಿನಾಯಿತಿಗಳನ್ನು ಬಿಟ್ಟು, ಫೆಡರಲ್ ನ್ಯಾಯಾಲಯ ಸಾಕ್ಷ್ಯ ವಿಚಾರಣೆ ನಡೆಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಇದನ್ನು ಟೈಪ್ ಮಾಡುತ್ತ ನನಗೆ ಬೇಡವೆಂದರೂ ಪ್ರೌಢಶಾಲೆಯ ವ್ಯಾಕರಣ ನೆನಪಾಯಿತು. ಕನ್ನಡದಲ್ಲಿ ವಿಫಲನಾದ, ವಿಫಲಳಾದಳು, ವಿಫಲರಾದರು ಎಂದು ಬರೆಯುವ ಹೊತ್ತಿಗೆ, ಎಡವಿದ್ದು ಒಬ್ಬನೋ ಒಬ್ಬಳೋ ಹಲವರೋ ಎಂಬುದು ಪದದ ತುದಿಗೇ ಬಂದು ಕೂರುತ್ತದೆ; ಬರೆಯುವವನು ಯಾರನ್ನು ಹೇಳುತ್ತಿದ್ದೇನೆಂದು ಒಮ್ಮೆ ತಿರುಗಿ ನೋಡಲೇಬೇಕು. ಇಲ್ಲಿ ವಿಫಲನಾದವನು ಅರ್ಜಿದಾರ ಎಂದು ಕಾಯ್ದೆ ಹೇಳುತ್ತದೆ. ವಕೀಲನ ಆಲಸ್ಯವನ್ನೂ ಅದರೊಳಗೆ ಸೇರಿಸಿದ್ದು ನ್ಯಾಯಾಲಯ. ನ್ಯಾಯಾಲಯ ಓದಿದ ಅರ್ಥವನ್ನು ಕಾಂಗ್ರೆಸ್ ತಿದ್ದಬಹುದು, ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ.

ಎದುರು ವಾದ ಇಲ್ಲವೆಂದಲ್ಲ, ಅದು ಹುರುಳಿಲ್ಲದ್ದೂ ಅಲ್ಲ. ಕೊಲೆಯಾದವರ ಮನೆಯವರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆದಾಡುವುದು ಕ್ರೌರ್ಯವೇ. ರಾಜ್ಯದ ನ್ಯಾಯಾಧೀಶರೂ ಇದೇ ಸಂವಿಧಾನದ ಮೇಲೆ ಪ್ರಮಾಣ ಮಾಡಿದವರು. ಅವರ ತೀರ್ಪನ್ನು ಹಗುರವಾಗಿ ಕಾಣಬಾರದು. ಹೊಸ ಸಾಕ್ಷ್ಯಕ್ಕೆ ಬಾಗಿಲು ತೆರೆದಿಟ್ಟರೆ, ಮೊದಲು ರಾಜ್ಯದಲ್ಲಿ ಮುಚ್ಚಿಟ್ಟು ಆಮೇಲೆ ಫೆಡರಲ್ ಕೋರ್ಟಿನಲ್ಲಿ ಬಿಚ್ಚುವ ಚಾಲಾಕಿತನಕ್ಕೆ ಅವಕಾಶವಾಗುತ್ತದೆ ಎಂಬ ಮಾತೂ ಇದೆ. ಈ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ: ನೇಣಿಗೆ ಕಾದಿರುವವನು ತನ್ನನ್ನು ಬಿಡಿಸಬಲ್ಲ ಸಾಕ್ಷ್ಯವನ್ನು ಬೇಕೆಂದೇ ಹತ್ತು ವರ್ಷ ಬಚ್ಚಿಡುತ್ತಾನೆಂದು ನಂಬಲು ನಾನು ಓದಿದ ಒಂದು ಪತ್ರವೂ ಕಾರಣ ಕೊಟ್ಟಿಲ್ಲ. ಮತ್ತೆ, ರಾಜ್ಯದ ನ್ಯಾಯಾಧೀಶರು ಆ ಸಾಕ್ಷ್ಯವನ್ನು ನೋಡಿ ತಿರಸ್ಕರಿಸಿದ್ದರೆ ಗೌರವದ ಪ್ರಶ್ನೆ ಬರುತ್ತದೆ; ಅವರ ಮುಂದೆ ಅದು ಬಂದೇ ಇರಲಿಲ್ಲ.

ಇದು ನಮ್ಮದಲ್ಲದ ಜಗಳವೆಂದು ನಿಮಗನ್ನಿಸಬಹುದು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಹೇಬಿಯಸ್ ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿಗೆ. ಅಂಥ ಅರ್ಜಿಗಳನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಎಡಿಎಂ ಜಬಲ್‌ಪುರ ತೀರ್ಪಿನಲ್ಲಿ ಭಾರತದ ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಮುಚ್ಚಿತು. ನ್ಯಾಯಮೂರ್ತಿ ಖನ್ನಾ ಒಬ್ಬರೇ ಬೇಡವೆಂದರು. ಆ ತೀರ್ಪನ್ನು ಅಳಿಸಿಹಾಕಲು 2017ರವರೆಗೆ ಕಾಯಬೇಕಾಯಿತು, ಅದನ್ನು ಅಳಿಸಿದ ಮೊಕದ್ದಮೆಯ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಿಚಾರಣೆಯಿಲ್ಲದೆ ಬಂಧಿಸುವುದೂ ವಿಚಾರಣೆಯಾದ ಕೈದಿಯ ಅರ್ಜಿಯೂ ಒಂದೇ ಅಲ್ಲ, ಹೋಲಿಕೆಯನ್ನು ನಾನು ಹೆಚ್ಚು ಎಳೆಯುವುದಿಲ್ಲ. ಆ ಬಾಗಿಲು ಮುಚ್ಚಿದಾಗ ಒಳಗಿದ್ದವರ ಮನೆಗಳು ನಮ್ಮಲ್ಲಿ ಅನೇಕರಿಗೆ ಗೊತ್ತು ಎಂಬಷ್ಟಕ್ಕೆ ಹೇಳಿದೆ.

ಕೇಳಬೇಕಾದ್ದು ಇಷ್ಟು. ಮೇಲೆ ಹೇಳಿದ ವಾಕ್ಯವಿರುವ ಜಾಗಕ್ಕೆ, ಅಂದರೆ ಅಮೆರಿಕದ ಫೆಡರಲ್ ಕಾನೂನು ಸಂಹಿತೆಯ (ಯು.ಎಸ್. ಕೋಡ್) 28ನೇ ಸಂಪುಟದ 2254ನೇ ಸೆಕ್ಷನ್ನಿನ ಇ ಉಪವಿಭಾಗದ ಎರಡನೇ ಖಂಡಕ್ಕೆ ಒಂದು ವಾಕ್ಯ ಸೇರಲಿ: ರಾಜ್ಯದ ಶಿಕ್ಷೋತ್ತರ ಹಂತದಲ್ಲಿ ಕೈದಿಗೆ ವಕೀಲನೇ ಇಲ್ಲದಿದ್ದರೆ, ಅಥವಾ ಇದ್ದ ವಕೀಲ ಅಸಮರ್ಥನಾಗಿದ್ದರೆ, ಸಾಕ್ಷ್ಯ ಮುಂದಿಡದ ತಪ್ಪು ಕೈದಿಯದೆಂದು ಎಣಿಸತಕ್ಕದ್ದಲ್ಲ. ಗಡುವು ಹಾಗೇ ಇರಲಿ, ಎರಡನೇ ಅರ್ಜಿಯ ಬೀಗ ಇರಲಿ. ಅವುಗಳ ಬಗ್ಗೆ ನಿಮ್ಮ ಅಭಿಪ್ರಾಯ ನನ್ನದಕ್ಕಿಂತ ಬೇರೆಯಿದ್ದರೂ ಈ ಒಂದು ವಾಕ್ಯವನ್ನು ಕೇಳಬಹುದು. ಎರಡು ಪ್ಯಾರಾದ ಪತ್ರ ಸಾಕು. ಜೋನ್ಸ್‌ನ ಹೆಸರನ್ನೂ ಮೇ 23ರ ತೀರ್ಪಿನ ಹೆಸರನ್ನೂ ಬರೆಯಿರಿ, ನೀವು ಆ ಕ್ಷೇತ್ರದ ಮತದಾರರೆಂದು ಮೊದಲ ಸಾಲಿನಲ್ಲೇ ಹೇಳಿ. ನಿಮ್ಮ ಸೆನೆಟರ್ ನ್ಯಾಯಾಂಗ ಸಮಿತಿಯಲ್ಲಿದ್ದರೆ ಅಂಚೆಗೆ ಹಾಕಿದ ಮೇಲೆ ಅವರ ಸ್ಥಳೀಯ ಕಚೇರಿಗೆ ಒಂದು ಫೋನನ್ನೂ ಮಾಡಿ. ಕರೆಗಳ ಲೆಕ್ಕವನ್ನು ಅಲ್ಲಿ ಯಾರೋ ಒಬ್ಬ ಚಿಕ್ಕ ವಯಸ್ಸಿನವರು ಬರೆದಿಟ್ಟುಕೊಳ್ಳುತ್ತಾರೆ.

ಇಂತಿ,
ನಿಮ್ಮ ನಡುವಿನ ಒಬ್ಬ ಮತದಾರ